ಬೊಂಬೆಯ ಬಣ್ಣ: ಆಯ್ಕೆ, ಪರೀಕ್ಷೆ, ಬಾಳಿಕೆ

ಮೊದಲನೆಯವರು: ದಸರಾ ಬೊಂಬೆಗೆ ಹಚ್ಚುವ ಬಣ್ಣವನ್ನು ನಂಬಬಹುದು ಎನ್ನಬೇಕಾದರೆ ಅದರಲ್ಲಿ ಯಾವ ಗುಣಗಳಿರಬೇಕು?

ಎರಡನೆಯವರು: ಐದು ಗುಣಗಳು. ತೆಳುವಾಗಿ ಹಚ್ಚಿದರೂ ಕೆಳಗಿನದನ್ನು ಮುಚ್ಚಬೇಕು. ಹಚ್ಚಿದ ಮೈಯನ್ನು ಬಿಗಿಯಾಗಿ ಹಿಡಿಯಬೇಕು. ಬೆಳಕಿಗೆ ಮಾಸಬಾರದು. ಹಚ್ಚುವವರ, ಮುಟ್ಟುವವರ ಆರೋಗ್ಯ ಕೆಡಿಸಬಾರದು. ನಾಳೆ ಒಂದು ಮೂಲೆ ಎದ್ದರೆ ಅದೇ ಛಾಯೆ ಮತ್ತೆ ಸಿಗಬೇಕು. ಗೋಡೆಯ ಬಣ್ಣಕ್ಕೂ ಇವೇ ಗುಣಗಳು ಬೇಕು, ನಿಜ. ಆದರೆ ಗೇಣುದ್ದದ ಬೊಂಬೆಯಲ್ಲಿ ತಪ್ಪಿಗೆ ಜಾಗವೇ ಇರುವುದಿಲ್ಲ. ಶೆಟ್ಟರ ಅಂಗಡಿಯ ಸೆಟ್ಟಿನಲ್ಲಿ ತಕ್ಕಡಿ ಹಿಡಿದ ಶೆಟ್ಟರ ಕಣ್ಣು ಎಳ್ಳುಕಾಳಿಗಿಂತ ದೊಡ್ಡದಿರುವುದಿಲ್ಲ. ಅಲ್ಲಿ ಬಣ್ಣ ಒಂದು ಪದರ ದಪ್ಪವಾದರೂ ರೆಪ್ಪೆಯ ಗೆರೆ ತುಂಬಿಕೊಂಡು ಮುಖದ ಕಳೆಯೇ ಹೋಗುತ್ತದೆ.

ಮೊದಲನೆಯವರು: ಬೊಂಬೆಗಳೂ ಒಂದೇ ಜಾತಿಯವಲ್ಲ. ಬೆಂಗಳೂರಿನ ಜಯನಗರ, ಬನಶಂಕರಿಯ ಮನೆಗಳಲ್ಲಿ ಮೇಲಿನ ಮೆಟ್ಟಿಲಿಗೆ ಮರದ ಪಟ್ಟದ ಬೊಂಬೆ, ಕೆಳಗೆ ಮಣ್ಣಿನ ದಶಾವತಾರ, ಪಕ್ಕದಲ್ಲಿ ಚನ್ನಪಟ್ಟಣದ ಬೊಂಬೆ, ಕಾಗದದ ತಿರುಳಿನ ವಾದ್ಯಗೋಷ್ಠಿ. ಜೆ.ಪಿ. ನಗರ, ಬಿಟಿಎಂ ಬಡಾವಣೆಯ ಫ್ಲ್ಯಾಟುಗಳಲ್ಲಿ ಈಗ ರೆಸಿನ್ ಬೊಂಬೆ, 3ಡಿ ಮುದ್ರಣದ ಪ್ಲಾಸ್ಟಿಕ್ ಬೊಂಬೆಗಳೂ ಸೇರಿಕೊಂಡಿವೆ. ಎಲ್ಲಕ್ಕೂ ಒಂದೇ ಬಣ್ಣ ಸಾಲುತ್ತದೆಯೇ?

ಎರಡನೆಯವರು: ಮೇಲಿನ ಬಣ್ಣ ಒಂದೇ ಇರಬಹುದು, ಕೆಳಗಿನ ಲೇಪ ಒಂದೇ ಇರಲಾಗದು. ಆದ್ದರಿಂದ ಆಯ್ಕೆ ಬೊಂಬೆಯ ಮೈಯಿಂದಲೇ ಶುರುವಾಗಬೇಕು. ಸುಟ್ಟ ಮಣ್ಣು ನೀರು ಹೀರುತ್ತದೆ. ಅದಕ್ಕೆ ನೇರವಾಗಿ ಬಣ್ಣ ಕೊಟ್ಟರೆ ಬಣ್ಣದ ಅಂಟನ್ನೂ ಹೀರಿಕೊಂಡು ಮೇಲೆ ಪುಡಿ ಉಳಿಸುತ್ತದೆ. ಅಕ್ರಿಲಿಕ್ ಪ್ರೈಮರನ್ನು ಎರಡು ತೆಳು ಕೋಟು ಕೊಟ್ಟರೆ ಈ ದಾಹ ತೀರುತ್ತದೆ. ಸುಡದ ಹಸಿಮಣ್ಣಿನ ಬೊಂಬೆಗೆ ನೀರಿನ ಪ್ರೈಮರ್ ತಾಗಿದರೆ ಮೈಯೇ ಕದಡುತ್ತದೆ. ಅದಕ್ಕೆ ಮೊದಲು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಅಂದರೆ ಬಡಗಿಗಳು ಫ್ರೆಂಚ್ ಪಾಲಿಷ್ ಎನ್ನುವುದನ್ನು ತೆಳುವಾಗಿ ಕೊಟ್ಟು ಒಣಗಿಸಬೇಕು. ಅಚ್ಚಿನಲ್ಲಿ ಮಾಡಿದ ರೆಸಿನ್ ಮತ್ತು ಪ್ಲಾಸ್ಟಿಕ್ಕಿನ ಮೇಲೆ ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಉಳಿದಿರುತ್ತದೆ. ಪಾತ್ರೆ ತೊಳೆಯುವ ಸೋಪಿನ ಬೆಚ್ಚನೆಯ ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಒಣಗಿಸದೆ ಅದಕ್ಕೆ ಯಾವ ಪ್ರೈಮರ್ ಕೊಟ್ಟರೂ ನಿಲ್ಲದು.

ಮೊದಲನೆಯವರು: ಚನ್ನಪಟ್ಟಣದ ಬೊಂಬೆಗೆ ಬಣ್ಣ ಮೊದಲೇ ಇರುತ್ತದಲ್ಲ?

ಎರಡನೆಯವರು: ಅಲ್ಲಿ ಬಣ್ಣವೂ ಹೊಳಪೂ ಒಂದೇ. ಹಾಲೆ ಮರದ ತುಂಡು ಚರಕಿಯಲ್ಲಿ ಗಿರಗಿರ ತಿರುಗುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಎಲೆಯ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಇಂಥ ಬೊಂಬೆಗೆ ಹುಬ್ಬು, ತಿಲಕ ತಿದ್ದಬೇಕೆಂದರೆ ನೀರಿನ ಅಕ್ರಿಲಿಕ್ ಮಾತ್ರ ಸರಿ. ಅರಗು ಆಲ್ಕೋಹಾಲಿಗೆ ಕರಗುತ್ತದೆ. ಸ್ಪಿರಿಟ್ ಇರುವ ಪ್ರೈಮರ್ ಅಥವಾ ಆಲ್ಕೋಹಾಲ್ ಬೆರೆತ ಹವ್ಯಾಸಿ ಬಣ್ಣ ತಾಗಿದರೆ ಮೂಲ ಬಣ್ಣವೇ ಕಲಸಿಹೋಗುತ್ತದೆ.

ಮೊದಲನೆಯವರು: ತಳಕ್ಕೆ ಇಷ್ಟು ಕಾಳಜಿ ಹಳಬರೂ ಮಾಡುತ್ತಿದ್ದರೇ?

ಎರಡನೆಯವರು: ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಕೆಲಸ ನೋಡಿದರೆ ಸಾಕು. ಹಗುರ ಮರದ ಬಿಡಿಭಾಗಗಳನ್ನು ಜೋಡಿಸಿ, ಹುಣಸೆ ಬೀಜದ ಅಂಟಿನಲ್ಲಿ ಹತ್ತಿ ಮೆತ್ತಿಸಿ, ಅದರ ಮೇಲೆ ಬೆಣಚುಕಲ್ಲಿನ ನುಣುಪು ಪುಡಿಯನ್ನು ಗೋಂದಿನಲ್ಲಿ ಕಲಸಿ ಸವರುತ್ತಾರೆ. ಆ ಬಿಳಿಯ ಮೈ ಒಣಗಿ ನಯವಾದ ಮೇಲೆಯೇ ಬಣ್ಣದ ಬಟ್ಟಲು ಹೊರಗೆ ಬರುವುದು. ಬೊಂಬೆಯ ಆಯುಸ್ಸು ಕಣ್ಣಿಗೆ ಕಾಣದ ಆ ಪದರದಲ್ಲಿದೆ ಎಂಬುದನ್ನು ಅವರ ಕೈ ಕಂಡುಕೊಂಡಿತ್ತು.

ಮೊದಲನೆಯವರು: ಇನ್ನು ಬಣ್ಣ. ಅಂಗಡಿಯ ಕಪಾಟಿನಲ್ಲಿ ಪೋಸ್ಟರ್, ಫ್ಯಾಬ್ರಿಕ್, ಅಕ್ರಿಲಿಕ್, ಎನಾಮೆಲ್ ಎಂದು ಸಾಲಾಗಿ ಇಟ್ಟಿರುತ್ತಾರೆ. ವ್ಯತ್ಯಾಸ ಎಲ್ಲಿದೆ?

ಎರಡನೆಯವರು: ಎಲ್ಲ ಬಣ್ಣದಲ್ಲೂ ಮೂರು ವಸ್ತುಗಳಿರುತ್ತವೆ: ಬಣ್ಣ ಕೊಡುವ ಪುಡಿ, ಆ ಪುಡಿಯನ್ನು ಹಿಡಿದಿಡುವ ಅಂಟು, ಎರಡನ್ನೂ ಹರಿಯುವಂತೆ ಮಾಡುವ ದ್ರವ. ಮಾಸುವುದು ಬಿಡುವುದು ಪುಡಿಗೆ ಸೇರಿದ್ದು. ಏಳುವುದು ಬಿಡುವುದು ಅಂಟಿಗೆ ಸೇರಿದ್ದು. ಪೋಸ್ಟರ್ ಬಣ್ಣದ ಅಂಟು ಗೋಂದಿನ ಜಾತಿಯದು, ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಎರಡನೇ ಕೋಟು ಹಚ್ಚುವಾಗಲೇ ಮೊದಲನೆಯದು ಎದ್ದು ಬರುತ್ತದೆ, ಆರತಿಯ ಹೊತ್ತಿಗೆ ಒದ್ದೆ ಕೈ ತಾಗಿದರೂ ಕಲೆ ಬೀಳುತ್ತದೆ. ಅಕ್ರಿಲಿಕ್‌ನಲ್ಲಿ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಅವು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ, ಮತ್ತೆ ನೀರಿಗೆ ಕರಗುವುದಿಲ್ಲ. ಎನಾಮೆಲ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತದೆ. ಬಲು ಗಟ್ಟಿ, ಬಲು ಹೊಳಪು, ಆದರೆ ಒಣಗಲು ದಿನ ಬೇಕು, ಟರ್ಪಂಟೈನ್ ಬೇಕು, ಕಿಟಕಿ ತೆರೆದ ಕೋಣೆ ಬೇಕು, ಬಿಳಿ ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ಮನೆಯಲ್ಲಿ ಕೂತು ಬೊಂಬೆಗೆ ಬಣ್ಣ ಹಾಕುವವರಿಗೆ ಅಕ್ರಿಲಿಕ್ಕೇ ಹದವಾದದ್ದು.

ಮೊದಲನೆಯವರು: ಅಕ್ರಿಲಿಕ್‌ನಲ್ಲೂ ನಮ್ಮ ದೇಶದ ಕ್ಯಾಮೆಲ್, ಫೆವಿಕ್ರಿಲ್ ಒಂದು ಕಡೆ, ಸ್ಪೇನಿನ ವಲೇಹೊ, ಇಂಗ್ಲೆಂಡಿನ ಸಿಟಾಡೆಲ್, ಜಪಾನಿನ ತಮಿಯಾ ಇನ್ನೊಂದು ಕಡೆ. ಆಮದಿನ ಬೆಲೆಗೆ ತಕ್ಕ ಲಾಭ ಇದೆಯೇ?

ಎರಡನೆಯವರು: ವಲೇಹೊ, ಸಿಟಾಡೆಲ್ ಬಣ್ಣಗಳನ್ನು ಸಿದ್ಧಪಡಿಸಿದ್ದೇ ಚಿಕ್ಕ ಪ್ರತಿಮೆಗಳಿಗಾಗಿ. ಪುಡಿ ನುಣ್ಣಗೆ, ಪ್ರಮಾಣ ದಟ್ಟ, ಹೊಳಪು ಕಡಿಮೆ. ತೆಳು ಪದರವೇ ಮುಚ್ಚುತ್ತದೆ. ವಲೇಹೊದ ಸೀಸೆಯ ಮೂತಿ ಹನಿ ಹನಿಯಾಗಿ ಬಿಡುವುದರಿಂದ ಇಷ್ಟು ಹನಿ ಬಿಳಿಗೆ ಇಷ್ಟು ಹನಿ ಕಾವಿ ಎಂದು ಲೆಕ್ಕ ಇಡಬಹುದು. ತಮಿಯಾದ ಅಕ್ರಿಲಿಕ್‌ನಲ್ಲಿ ಆಲ್ಕೋಹಾಲ್ ಇದೆ. ಸ್ಪ್ರೇ ಗನ್ನಿನಲ್ಲಿ ಚೆನ್ನ, ಕುಂಚದಲ್ಲಿ ಬೇಗ ಎಳೆದುಕೊಳ್ಳುತ್ತದೆ, ಅರಗಿನ ಬೊಂಬೆಗೆ ಸಲ್ಲದು. ಬಟ್ಟೆ, ಮಡಕೆ, ಕ್ಯಾನ್ವಾಸ್ ಎಲ್ಲಕ್ಕೂ ಎಂದು ಮಾರುವ ಸಾಮಾನ್ಯ ಕರಕುಶಲ ಬಣ್ಣ ದೊಡ್ಡ ಮೈಗೆ ಸೊಗಸು. ಪೀಠ, ಸೀರೆಯ ಒಡಲು, ತೇರಿನ ಗಾಲಿಗೆ ಧಾರಾಳವಾಗಿ ಬಳಸಬಹುದು. ಮುಖ, ಬೆರಳು, ಆಭರಣಕ್ಕೆ ಮಾತ್ರ ನುಣುಪು ಪುಡಿಯ ನಾಲ್ಕೈದು ಸೀಸೆ ಇಟ್ಟುಕೊಂಡರೆ ಖರ್ಚೂ ಹಿಡಿತದಲ್ಲಿರುತ್ತದೆ. ಗೇಣುದ್ದದ ಬೊಂಬೆಗೆ ಒಂದು ಬಣ್ಣ ಒಂದೆರಡು ಮಿಲಿಲೀಟರಿಗಿಂತ ಹೆಚ್ಚು ಹಿಡಿಯುವುದಿಲ್ಲ. 17 ಮಿಲಿಲೀಟರಿನ ಸೀಸೆ ಹಲವು ದಸರಾಗಳಿಗೆ ಬರುತ್ತದೆ.

ಮೊದಲನೆಯವರು: ಹೆಸರಾಂತ ಕಂಪನಿಯದಾದರೆ ಎಲ್ಲ ಛಾಯೆಯೂ ಮಾಸದೆ ಉಳಿಯುತ್ತದೆ ಎಂದು ತಿಳಿಯಬಹುದೇ?

ಎರಡನೆಯವರು: ಹಾಗೆ ತಿಳಿಯುವುದರಿಂದಲೇ ಬೊಂಬೆಗಳು ಹಾಳಾಗುವುದು. ಒಂದೇ ಕಂಪನಿಯ ಒಂದೇ ಸಾಲಿನಲ್ಲಿ ಒಂದು ಕೆಂಪು ನೂರು ವರ್ಷ ನಿಲ್ಲಬಹುದು, ಪಕ್ಕದ ಗುಲಾಬಿ ಎರಡು ಬೇಸಿಗೆಗೆ ಬಿಳಿಚಿಕೊಳ್ಳಬಹುದು. ನೋಡಬೇಕಾದ್ದು ಸೀಸೆಯ ಮೇಲಿನ ಪುಡಿಯ ಸಂಕೇತ. ಕಲಾವಿದರ ದರ್ಜೆಯ ಬಣ್ಣಗಳಲ್ಲಿ ಅದನ್ನು ಅಚ್ಚು ಹಾಕಿರುತ್ತಾರೆ. ಪಿಡಬ್ಲ್ಯು 6 ಎಂದರೆ ಟೈಟಾನಿಯಂ ಬಿಳಿ, ಪಿಬಿಕೆ 7 ಎಂದರೆ ಇಂಗಾಲದ ಕಪ್ಪು, ಪಿಆರ್ 101 ಕಬ್ಬಿಣದ ಆಕ್ಸೈಡಿನ ಕೆಂಪು, ಪಿವೈ 42 ಅದೇ ಕಬ್ಬಿಣದ ಹಳದಿ, ಪಿಬಿ 29 ಅಲ್ಟ್ರಾಮರೀನ್ ನೀಲಿ, ಪಿಜಿ 7 ಥ್ಯಾಲೊ ಹಸಿರು. ಈ ಆರೂ ಬೆಳಕಿಗೆ ಜಗ್ಗದವು. ಪಿಆರ್ 83 ಎಂಬ ಅಲಿಜರಿನ್ ಕೆಂಪು ಮಾಸುವ ಜಾತಿ. ಕಣ್ಣು ಕೋರೈಸುವ ಫ್ಲೋರೊಸೆಂಟ್ ಗುಲಾಬಿ, ಹಸಿರುಗಳೂ ಅಷ್ಟೆ. ಸಂಕೇತದ ಜೊತೆ ಬೆಳಕು ತಾಳುವ ದರ್ಜೆಯೂ ಇದ್ದರೆ ಇನ್ನೂ ಒಳ್ಳೆಯದು. ಅಮೆರಿಕದ ಎಎಸ್‌ಟಿಎಂ ಪದ್ಧತಿಯಲ್ಲಿ 1 ಮತ್ತು 2ನೇ ದರ್ಜೆ, ನೀಲಿ ಉಣ್ಣೆಯ ಅಳತೆಯಲ್ಲಿ 8ಕ್ಕೆ 7 ಅಥವಾ 8 ಬಂದ ಬಣ್ಣವನ್ನು ಕಣ್ಣುಮುಚ್ಚಿ ಕೊಳ್ಳಬಹುದು.

ಮೊದಲನೆಯವರು: ಸಂಕೇತಗಳನ್ನು ಬಾಯಿಪಾಠ ಮಾಡುವುದು ಕಷ್ಟ.

ಎರಡನೆಯವರು: ಅವುಗಳ ಹಿಂದಿನ ಹೆಸರುಗಳು ಕನ್ನಡದ ಮನೆಗೆ ಹೊಸವಲ್ಲ. ಪಿಆರ್ 101 ಎಂದರೆ ಜಗಲಿಗೆ ಬಳಿಯುವ ಕಾವಿಯ ಬಂಧು. ಪಿಬಿಕೆ 7 ಎಂದರೆ ದೀಪದ ಕುಡಿಯಿಂದ ಹಿಡಿದ ಕಾಡಿಗೆಯ ಬಂಧು. ಎರಡೂ ತಲೆಮಾರುಗಟ್ಟಲೆ ಬಣ್ಣ ಬದಲಿಸದವು. ಅರಿಶಿನದ ಗತಿಯೂ ಗೊತ್ತಿರುವುದೇ: ಅರಿಶಿನ ಹಚ್ಚಿದ ಹೊಸ ಬಟ್ಟೆಯನ್ನು ಬಿಸಿಲಿಗೆ ಹರಡಿದರೆ ಕೆಲವು ದಿನಗಳಲ್ಲೇ ಮಂಕಾಗುತ್ತದೆ. ಬೆಳಕು ಅದರ ಅಣುವನ್ನು ಮುರಿಯುತ್ತದೆ. ಸಸ್ಯದ್ದೋ ಕಾರ್ಖಾನೆಯದ್ದೋ ಎಂಬುದರಿಂದ ಇದು ನಿರ್ಧಾರವಾಗುವುದಿಲ್ಲ.

ಮೊದಲನೆಯವರು: ಸೀಸೆಯ ಮೇಲೆ ಸಂಕೇತವೇ ಇಲ್ಲದಿದ್ದರೆ?

ಎರಡನೆಯವರು: ಮನೆಯಲ್ಲೇ ಪರೀಕ್ಷಿಸಬೇಕು. ಹಳೆಯ ಮದುವೆ ಕರೆಯೋಲೆಯ ದಪ್ಪ ಹಾಳೆ ಒಂದು ಸಾಕು. ಖಾಲಿ ಬದಿಯಲ್ಲಿ ಕಪ್ಪು ಪೆನ್ನಿನಿಂದ ಉದ್ದಕ್ಕೆ ಒಂದು ಗೆರೆ ಎಳೆದು, ಅದನ್ನು ಅಡ್ಡಲಾಗಿ ದಾಟುವಂತೆ ಪ್ರತಿ ಬಣ್ಣದ ಬೆರಳಗಲದ ಪಟ್ಟಿ ಹಚ್ಚಬೇಕು. ಮೊದಲ ಕೋಟಿಗೆ ಗೆರೆ ಮಸುಕಾಗಿ ಎರಡನೆಯದಕ್ಕೆ ಮಾಯವಾದರೆ ಮುಚ್ಚುವ ಗುಣ ಚೆನ್ನಾಗಿದೆ. ನಾಲ್ಕು ಕೋಟಾದರೂ ಇಣುಕುತ್ತಿದ್ದರೆ ಆ ಬಣ್ಣ ಮುಖಕ್ಕೆ ಆಗದು. ಒಣಗಿದ ಪಟ್ಟಿಯ ಮೇಲೆ ಓರೆ ಬೆಳಕು ಬೀಳಿಸಿ ನೋಡಿದರೆ ಪುಡಿ ಒರಟಾದದ್ದು ಮರಳಿನಂತೆ ಕಾಣುತ್ತದೆ. ಎರಡು ದಿನ ಬಿಟ್ಟು ಒದ್ದೆ ಹತ್ತಿಯಿಂದ ಇಪ್ಪತ್ತು ಸಲ ಉಜ್ಜಬೇಕು, ಹತ್ತಿಗೆ ಬಣ್ಣ ಹತ್ತಬಾರದು. ಬೊಂಬೆಯದೇ ವಸ್ತುವಿನ ಚೂರೊಂದಕ್ಕೆ, ಉದಾಹರಣೆಗೆ ಒಡೆದ ಹಣತೆಗೆ, ಪ್ರೈಮರ್ ಮತ್ತು ಬಣ್ಣ ಕೊಟ್ಟು, ವಾರದ ಬಳಿಕ ಬ್ಲೇಡಿನಿಂದ ಚೌಕುಳಿ ಗೀರು ಹಾಕಿ, ಸೆಲ್ಲೊಟೇಪ್ ಒತ್ತಿ ಕಿತ್ತರೆ ಹಿಡಿತ ಗೊತ್ತಾಗುತ್ತದೆ. ಟೇಪಿಗೆ ಚೌಕಗಳು ಅಂಟಿ ಬಂದರೆ ದೋಷ ತಳದಲ್ಲಿದೆ.

ಮೊದಲನೆಯವರು: ಮಾಸುವುದನ್ನು ಹೇಗೆ ತಿಳಿಯುವುದು?

ಎರಡನೆಯವರು: ಅದೇ ಕರೆಯೋಲೆಯ ಅರ್ಧಕ್ಕೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಸುತ್ತಿ, ಪಶ್ಚಿಮದ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಬೇಕು. ಯುಗಾದಿಗೆ ಇಟ್ಟು ಗೌರಿ ಹಬ್ಬಕ್ಕೆ ತೆಗೆದರೆ ಬೆಂಗಳೂರಿನ ಇಡೀ ಬೇಸಿಗೆ ಅದರ ಮೇಲೆ ಹಾದುಹೋಗಿರುತ್ತದೆ. ಹಾಳೆ ಬಿಚ್ಚಿದಾಗ ಕಾವಿಯ ಪಟ್ಟಿಯಲ್ಲಿ ಗಡಿಯೇ ಸಿಗುವುದಿಲ್ಲ. ಕಳಪೆ ಗುಲಾಬಿಯ ಪಟ್ಟಿಯಲ್ಲಿ ಮುಚ್ಚಿದ ಅರ್ಧ ತಾಜಾ, ತೆರೆದ ಅರ್ಧ ತೊಳೆದ ಬಟ್ಟೆಯ ಹಾಗೆ. ಬೇಗ ಮಾಸುವ ಬಣ್ಣ ಯಾವುದೆಂದು ಈ ಪರೀಕ್ಷೆ ತೋರಿಸಿಕೊಡುತ್ತದೆ.

ಮೊದಲನೆಯವರು: ಆರೋಗ್ಯದ ವಿಷಯ ಉಳಿಯಿತು. ಬೊಂಬೆಯನ್ನು ಮಕ್ಕಳು ಮುಟ್ಟದೆ ಇರುವುದಿಲ್ಲ.

ಎರಡನೆಯವರು: ಮುಖ್ಯ ಅಪಾಯ ಸೀಸ. ಹೊಳಪಿನ ಹಳದಿ, ಕಿತ್ತಳೆ, ಕೆಂಪು ಎನಾಮೆಲ್‌ಗಳಲ್ಲಿ ಸೀಸದ ಕ್ರೋಮೇಟ್ ಬಳಸುವ ರೂಢಿ ಬಹುಕಾಲ ಇತ್ತು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಪ್ರತಿಷ್ಠಾನ ಬೆಂಗಳೂರೂ ಸೇರಿ ದೇಶದ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಮ್ ದಾಟಿತ್ತು. ಆಗ ಪೆಟ್ರೋಲಿನ ಸೀಸ ದೊಡ್ಡ ಕಾರಣ, ಬಣ್ಣವೂ ಒಂದು ಕಾರಣ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯವನ್ನು ವರ್ಷಗಟ್ಟಲೆ ಬೆನ್ನುಹತ್ತಿದರು. ಮನೆ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ಬಂದು 2017ರ ನವೆಂಬರ್ 1ರಿಂದ ಜಾರಿಯಾಯಿತು. ಆದ್ದರಿಂದ ತಯಾರಕರ ಹೆಸರು, ತಯಾರಾದ ತಿಂಗಳು, ಸೀಸದ ಮಾಹಿತಿ ಇಲ್ಲದ ಬಿಡಿ ಡಬ್ಬಿಯ ಬಣ್ಣವನ್ನು ಬೊಂಬೆಗೆ ತರಲೇಬಾರದು.

ಮೊದಲನೆಯವರು: ಹಳೆಯ ಪದ್ಧತಿಯ ಬಣ್ಣಗಳಿಗೆ ಮರಳಿದರೆ ಈ ಭಯ ಇಲ್ಲವಲ್ಲ?

ಎರಡನೆಯವರು: ಅಲ್ಲೂ ಆರಿಸಬೇಕು. ಇಂಗಳೀಕ ಪಾದರಸದ ಸಂಯುಕ್ತ, ಹರಿದಾಳ ಆರ್ಸೆನಿಕ್ಕಿನದು. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಆಭರಣವನ್ನು ಉಬ್ಬಿಸುವ ಲೇಪಕ್ಕೆ ಸೀಸದ ಬಿಳಿಯನ್ನೇ ಅರೆಯುತ್ತಿದ್ದರು. ಕಾವಿ, ಸೀಮೆಸುಣ್ಣ, ಕಾಡಿಗೆ ನಿರಪಾಯ. ವಿಷವಿಲ್ಲ ಎಂಬ ಮುದ್ರೆಯನ್ನೂ ಸರಿಯಾಗಿ ಓದಬೇಕು: ಕುಂಚದಲ್ಲಿ ಹಚ್ಚಿದರೆ ಹಾನಿಯಿಲ್ಲ ಎಂಬುದಷ್ಟೇ ಅದರ ಅರ್ಥ. ಸ್ಪ್ರೇ ಮಾಡಿದರೆ, ಒಣಗಿದ್ದನ್ನು ಉಜ್ಜಿ ದೂಳೆಬ್ಬಿಸಿದರೆ ಮುಖಗವಸು ಬೇಕೇಬೇಕು. ಕುಂಚವನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಬಿಡಬೇಕು. ನೀರಿಗೆ ಬಿಡುವ ಗಣಪನ ಮಾತು ಬೇರೆ. ಆರ್.ವಿ. ರಸ್ತೆಯಲ್ಲಿ ಕೊಂಡು ಯಡಿಯೂರು ಕೆರೆಯ ಕಲ್ಯಾಣಿಯಲ್ಲಿ ಬಿಡುವ ಮೂರ್ತಿಗೆ ಬಣ್ಣವಿಲ್ಲದ ಮಣ್ಣೇ ಶ್ರೇಷ್ಠ. ಅಕ್ರಿಲಿಕ್ ಕರಗುವುದಿಲ್ಲ, ಪೊರೆಯಾಗಿ ನೀರಲ್ಲಿ ಉಳಿಯುತ್ತದೆ.

ಮೊದಲನೆಯವರು: ಚಿನ್ನದ ಬಣ್ಣ ಮಾತ್ರ ಎಷ್ಟು ಜಾಗ್ರತೆ ವಹಿಸಿದರೂ ಕಪ್ಪಾಗುತ್ತದೆ.

ಎರಡನೆಯವರು: ಅಗ್ಗದ ಚಿನ್ನದ ಪುಡಿ ತಾಮ್ರ ಮತ್ತು ಸತುವಿನ ಮಿಶ್ರಣ, ಅಂದರೆ ಹಿತ್ತಾಳೆ. ಮನೆಯ ಹಿತ್ತಾಳೆ ಚೊಂಬಿನ ಹಾಗೆಯೇ ಅದೂ ಕಿಲುಬುತ್ತದೆ. ಅಭ್ರಕದ ಪುಡಿಗೆ ಬಣ್ಣದ ಲೇಪ ಕೊಟ್ಟು ತಯಾರಿಸಿದ ಚಿನ್ನದ ಅಕ್ರಿಲಿಕ್ ಕಿಲುಬುವುದಿಲ್ಲ. ಸೀಸೆಯ ಮೇಲೆ ಮೈಕಾ ಎಂದಿದ್ದರೆ ಅದನ್ನೇ ಆರಿಸಬೇಕು. ಅದರ ಕೆಳಗೆ ಕಾವಿಯ ಒಂದು ಕೋಟು ಇದ್ದರೆ ಹೊಳಪಿಗೆ ಬೆಚ್ಚನೆಯ ಮೈ ಬರುತ್ತದೆ.

ಮೊದಲನೆಯವರು: ಹೊಸದಾಗಿ ಶುರುಮಾಡುವವರು ಎಷ್ಟು ಬಣ್ಣ ಕೊಳ್ಳಬೇಕು?

ಎರಡನೆಯವರು: ಒಂಬತ್ತು ಸಾಕು: ಬಿಳಿ, ಕಪ್ಪು, ಕಾವಿ ಕೆಂಪು, ಮಣ್ಣಿನ ಹಳದಿ, ಅಲ್ಟ್ರಾಮರೀನ್ ನೀಲಿ, ಥ್ಯಾಲೊ ಹಸಿರು, ಕುಂಕುಮದಂಥ ಒಂದು ಕೆಂಪು, ನಿಂಬೆಯಂಥ ಒಂದು ಹಳದಿ, ಮೈಕಾದ ಚಿನ್ನ. ಕಾವಿ, ಮಣ್ಣಿನ ಹಳದಿ, ಬಿಳಿ ಬೆರೆಸಿದರೆ ಗೋಧಿ ಬಣ್ಣದಿಂದ ಎಣ್ಣೆಗೆಂಪಿನವರೆಗೆ ಎಲ್ಲ ಮೈಬಣ್ಣ ಬರುತ್ತದೆ. ಅಲ್ಟ್ರಾಮರೀನಿಗೆ ಬಿಳಿ, ತುಸು ಕಪ್ಪು ಸೇರಿದರೆ ಕೃಷ್ಣನ ಮೈ. ಇಪ್ಪತ್ತನಾಲ್ಕರ ಡಬ್ಬಿಯಲ್ಲಿ ಅರ್ಧ ಬಣ್ಣ ಬಳಸದೆಯೇ ಗಟ್ಟಿಯಾಗುತ್ತದೆ. ಕೊಳ್ಳುವಾಗ ಸೀಸೆ ಅಲುಗಿಸಿ ನೋಡಬೇಕು. ಗಂಟು ಕಟ್ಟಿದ್ದು, ಕೊಳೆತ ವಾಸನೆ ಬರುವುದು ಬೇಡ.

ಮೊದಲನೆಯವರು: ಒಳ್ಳೆಯ ಬಣ್ಣವೂ ಹಚ್ಚುವಾಗ ಕೆಡುವುದುಂಟು.

ಎರಡನೆಯವರು: ಹದ ತಪ್ಪಿದಾಗ. ತೆಳು ಹಾಲಿನಷ್ಟು ನೀರಾಗಿರಬೇಕು. ಅದಕ್ಕಿಂತ ಹೆಚ್ಚು ನೀರು ಸೇರಿದರೆ ಅಂಟು ಕಡಿಮೆಯಾಗಿ ಬಣ್ಣ ಪುಡಿಯಾಗುತ್ತದೆ, ಆಗ ಅಕ್ರಿಲಿಕ್ ಮೀಡಿಯಂ ಬೆರೆಸಬೇಕು. ಗಡಸು ಬೋರ್‌ವೆಲ್ ನೀರು ಒಣಗಿದಾಗ ಉಪ್ಪಿನ ಬಿಳಿ ಚುಕ್ಕೆ ಉಳಿಸುತ್ತದೆ, ಕುಡಿಯುವ ಫಿಲ್ಟರ್ ನೀರು ಮೇಲು. ಊಟದ ಡಬ್ಬಿಯ ತಳಕ್ಕೆ ಒದ್ದೆ ಟಿಶ್ಯೂ ಹಾಸಿ ಮೇಲೆ ಬೇಕಿಂಗ್ ಕಾಗದ ಇಟ್ಟರೆ ಅದರ ಮೇಲಿನ ಬಣ್ಣ ಗಂಟೆಗಟ್ಟಲೆ ಒಣಗದು. ಕಣ್ಣು ಬರೆಯುವಾಗ ಬಣ್ಣದ ಪರೀಕ್ಷೆ ಪೂರ್ಣವಾಗುತ್ತದೆ. ಮೂರು ಸೊನ್ನೆಯ ಕುಂಚದ ತುದಿಯಲ್ಲಿ ಬಣ್ಣ ಕಣ್ಣಿಗೆ ಮುಟ್ಟುವ ಮೊದಲೇ ಒಣಗುತ್ತದೆ. ಸೊನ್ನೆ ನಂಬರಿನದು, ತುದಿ ಚೂಪಾಗಿದ್ದರೆ, ಸಾಕಷ್ಟು ಬಣ್ಣ ಹಿಡಿದು ನಿಧಾನವಾಗಿ ಬಿಡುತ್ತದೆ. ಮೊದಲು ಕಾವಿ ಬೆರೆತ ಕಪ್ಪಿನಲ್ಲಿ ಇಡೀ ಕಣ್ಣಿನ ಆಕಾರ, ಅದರೊಳಗೆ ಅಂಚು ಉಳಿಯುವಂತೆ ತುಸು ಕೆನೆಬಣ್ಣದ ಬಿಳಿ, ಆಮೇಲೆ ಮೇಲಿನ ರೆಪ್ಪೆಗೆ ತಾಗುವಂತೆ ಪಾಪೆ. ಪಾಪೆ ರೆಪ್ಪೆಯನ್ನು ಬಿಟ್ಟು ನಡುವೆ ನಿಂತರೆ ಬೊಂಬೆ ಬೆಚ್ಚಿದಂತೆ ಕಾಣುತ್ತದೆ. ನುಣುಪು ಪುಡಿಯ ಬಣ್ಣವಾದರೆ ಈ ಮೂರು ಪದರ ಸೇರಿಯೂ ರೆಪ್ಪೆಯ ಉಬ್ಬು ಹಾಗೇ ಉಳಿಯುತ್ತದೆ.

ಮೊದಲನೆಯವರು: ಕೊನೆಯ ವಾರ್ನಿಷ್ ಅಗತ್ಯವೇ?

ಎರಡನೆಯವರು: ಒಂಬತ್ತು ದಿನ ಎಣ್ಣೆದೀಪದ ಹೊಗೆ, ಕರ್ಪೂರದ ಮಸಿ, ಕುಂಕುಮದ ಕೈ ಬೊಂಬೆಯನ್ನು ಸುತ್ತಿರುತ್ತವೆ. ಅಕ್ರಿಲಿಕ್ ಪೊರೆ ತುಸು ಮೆದು, ಮಸಿ ಅದಕ್ಕೆ ಅಂಟಿಕೊಳ್ಳುತ್ತದೆ. ನೀರಿನ ಅಕ್ರಿಲಿಕ್ ವಾರ್ನಿಷ್ ಎರಡು ಕೋಟು ಕೊಟ್ಟರೆ ಒರೆಸಲು ಬರುತ್ತದೆ. ಮುಖಕ್ಕೆ ಮ್ಯಾಟ್, ಒಡವೆ ಮತ್ತು ರೇಷ್ಮೆಗೆ ಹೊಳಪಿನದು. ಸೆಪ್ಟೆಂಬರ್ ಬೆಂಗಳೂರಿನಲ್ಲಿ ಜೋರು ಮಳೆಯ ತಿಂಗಳು. ತೇವದ ಗಾಳಿಯಲ್ಲಿ ಸ್ಪ್ರೇ ವಾರ್ನಿಷ್ ಮಂಜಿನಂತೆ ಬೆಳ್ಳಗಾಗುತ್ತದೆ. ಮಳೆ ಇದ್ದ ದಿನ ಕುಂಚದಲ್ಲೇ ಹಚ್ಚಬೇಕು, ಮಹಾಲಯ ಅಮಾವಾಸ್ಯೆಗೆ ಎರಡು ವಾರ ಮುಂಚೆ ಮುಗಿಸಬೇಕು. ಪೂರ್ತಿ ಬಲಿಯದ ಬಣ್ಣದ ಬೊಂಬೆಯನ್ನು ಪತ್ರಿಕೆಯಲ್ಲಿ ಸುತ್ತಿಟ್ಟರೆ ಅಕ್ಷರಗಳು ಅದರ ಬೆನ್ನಿಗೆ ಇಳಿಯುತ್ತವೆ.

ಮೊದಲನೆಯವರು: ಅಜ್ಜಿಯ ಕಾಲದ ಬೊಂಬೆ ಬಣ್ಣ ಕಳೆದುಕೊಂಡಿದ್ದರೆ ಇದೇ ಕ್ರಮವೇ?

ಎರಡನೆಯವರು: ಅದಕ್ಕೆ ಹೊಸ ಬಣ್ಣ ಕೊನೆಯ ಉಪಾಯವಾಗಬೇಕು. ಮೊದಲು ಒಣ ಮೆತ್ತನೆ ಕುಂಚದಿಂದ ದೂಳು ತೆಗೆದರೆ ಎಷ್ಟೋ ಸಲ ಬಣ್ಣ ಅಡಿಯಲ್ಲೇ ಇರುತ್ತದೆ. ಉಪ್ಪುಕಾಗದದಿಂದ ಒಣ ಒಣಗೆ ಉಜ್ಜಲೇಬಾರದು, ಹಳೆಯ ಪದರದಲ್ಲಿ ಸೀಸ ಇರಬಹುದು. ಎದ್ದ ಜಾಗಕ್ಕಷ್ಟೇ ಬಣ್ಣ ತುಂಬಬೇಕು, ಅದೂ ಹಳೆಯದರ ಮೇಲೆ ತೆಳು ವಾರ್ನಿಷ್ ಕೊಟ್ಟು, ಬೇಡವಾದರೆ ತೆಗೆಯಲು ಬರುವಂತೆ. ಮುಖ ಚೆನ್ನಾಗಿದ್ದರೆ ಮುಟ್ಟದಿರುವುದೇ ಒಳ್ಳೆಯದು. ಬರೆದ ಕೈ ಮತ್ತೆ ಸಿಗುವುದಿಲ್ಲ.

ಮೊದಲನೆಯವರು: ಐದು ಗುಣಗಳಲ್ಲಿ ನಾಲ್ಕಾದವು. ಅದೇ ಛಾಯೆ ಮತ್ತೆ ಸಿಗುವ ಮಾತು ಉಳಿದಿದೆ.

ಎರಡನೆಯವರು: ಅದು ಬರೆದಿಡುವುದರಿಂದ ಬರುತ್ತದೆ. ಬೊಂಬೆಯ ಪೀಠದ ಅಡಿಯಲ್ಲಿ ಪೆನ್ಸಿಲಿನಿಂದ ವರ್ಷ, ಪ್ರೈಮರಿನ ಹೆಸರು, ಪುಡಿಯ ಸಂಕೇತ, ಬೆರೆಸಿದ ಹನಿಗಳ ಲೆಕ್ಕ ಇಷ್ಟನ್ನು ಬರೆಯಬೇಕು: ಮೈಗೆ ಪಿಡಬ್ಲ್ಯು 6 ಆರು ಹನಿ, ಪಿಆರ್ 101 ಎರಡು, ಪಿವೈ 42 ಮೂರು, ಹೀಗೆ. ಪರೀಕ್ಷೆಯ ಕರೆಯೋಲೆಯನ್ನು ಬೊಂಬೆಯ ಪೆಟ್ಟಿಗೆಯಲ್ಲೇ ಇಡಬೇಕು. ಕಂಪನಿ ಮುಚ್ಚಬಹುದು, ಸೀಸೆಯ ಹೆಸರು ಬದಲಾಗಬಹುದು, ಪುಡಿಯ ಸಂಕೇತ ಬದಲಾಗುವುದಿಲ್ಲ. ತವರಿನಿಂದ ಬೊಂಬೆ ಪಡೆದ ಮಗಳು ಮೂವತ್ತು ವರ್ಷದ ಬಳಿಕ ಪೀಠ ತಿರುಗಿಸಿ ಓದಿದರೆ, ಅದೇ ಮೈಬಣ್ಣವನ್ನು ಬೆರೆಸಿಕೊಳ್ಳಬಲ್ಲಳು.